ಅಲ್ಲೂರಿ ಸೀತಾರಾಮರಾಜು: ಬಂದೂಕಿಗೂ ಲೆಕ್ಕವಿಟ್ಟ ವೀರ

ಕೃಷ್ಣಾ ನದಿಯ ದಡದಲ್ಲಿ ಇಂದ್ರಕೀಲಾದ್ರಿಯನ್ನು ದಿನವೂ ಕಣ್ಣೆದುರು ಕಾಣುತ್ತಿರುವ ನಮಗೆ ಆಯುಧದ ವಿಚಾರ ಹೊಸದಲ್ಲ. ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಇದೇ ಬೆಟ್ಟದ ಮೇಲೆಂದು ಸ್ಥಳಪುರಾಣ ಹೇಳುತ್ತದೆ. ಊರಿನ ಬಯಲಾಟದಲ್ಲಿ ಕಿರಾತಾರ್ಜುನರ ಕಾಳಗವನ್ನು ನೋಡಿ ಬೆಳಗು ಮಾಡಿದ ನಮ್ಮ ಹೋಟೆಲ್ ಬಂಧುಗಳಿಗೆ ಆ ಕಥೆಯನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಬೇಡನ ವೇಷದಲ್ಲಿ ಬಂದ ಶಿವನು ಅರ್ಜುನನ ಸತ್ತ್ವವನ್ನು ಪರೀಕ್ಷಿಸಿ ಅಸ್ತ್ರವನ್ನು ಕೊಟ್ಟನು; ಕೊಡುವಾಗ ಕಟ್ಟಳೆಯನ್ನೂ ವಿಧಿಸಿದನು. ದುಡುಕಿ ಪ್ರಯೋಗಿಸಬಾರದು, ಅಲ್ಪಬಲರ ಮೇಲೆ ಪ್ರಯೋಗಿಸಬಾರದು ಎಂಬುದೇ ಆ ಕಟ್ಟಳೆ. ದೇವರ ಕೈಯಿಂದ ಬಂದ ಅಸ್ತ್ರಕ್ಕೇ ಕಟ್ಟಳೆ ಇದ್ದ ಮೇಲೆ, ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ ಪಿಸ್ತೂಲಿಗೆ ಇರಬೇಡವೇ?

ಪಿಸ್ತೂಲನ್ನು ನಾಲ್ಕು ಜನರ ನಡುವೆ ಯಾರು ಧರಿಸಬಹುದು, ಹೇಗೆ ಧರಿಸಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಕಾನೂನಿದೆ. ಆ ಕಾನೂನಿನ ಹಿಂದೆ ದೊಡ್ಡ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವು ಅನ್ನ ಹುಡುಕಿಕೊಂಡು ಬಂದ ಈ ಆಂಧ್ರದ ನೆಲದಲ್ಲಿಯೇ. ವಿಶಾಖಪಟ್ಟಣಕ್ಕೆ ಹೋಗಿಬರುವ ವಾಚಕರು ಬಿಲ್ಲುಬಾಣಗಳನ್ನು ಧರಿಸಿ, ಗಡ್ಡ ಬಿಟ್ಟು, ಸನ್ಯಾಸಿಯಂತೆ ನಿಂತಿರುವ ತರುಣನ ಪ್ರತಿಮೆಯನ್ನು ಒಂದಲ್ಲ ಒಂದು ಕಡೆ ನೋಡಿಯೇ ಇರುತ್ತಾರೆ. ಆತನೇ ಅಲ್ಲೂರಿ ಸೀತಾರಾಮರಾಜು. 1974ರಲ್ಲಿ ಬಂದ ತೆಲುಗು ಚಲನಚಿತ್ರದಿಂದ ಆ ಹೆಸರನ್ನು ಬಲ್ಲವರು ಬಹಳ ಮಂದಿ. ಆದರೆ ಆ ವೀರನ ಜೀವನದಲ್ಲಿ ಚಿತ್ರದ ಹೊಡೆದಾಟಕ್ಕಿಂತ ಹೆಚ್ಚಾಗಿ ನಮ್ಮಂಥ ಲೆಕ್ಕಪತ್ರದ ಜನರು ಮನಗಾಣಬೇಕಾದ ಸಂಗತಿಯೊಂದಿದೆ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಸೀತಾರಾಮರಾಜು ಅವರು ಜನಿಸಿದ್ದು 1897ನೆಯ ಇಸವಿ ಜುಲೈ 4ರಂದು, ವಿಶಾಖಪಟ್ಟಣ ಜಿಲ್ಲೆಯ ಪಾಂಡ್ರಂಗಿ ಗ್ರಾಮದಲ್ಲಿ. ಅದು ಅವರ ತಾಯಿಯ ತವರು. ತಂದೆಯ ಕಡೆಯವರು ಭೀಮವರದ ಬಳಿಯ ಮೊಗಲ್ಲು ಗ್ರಾಮದವರು. ತಂದೆ ವೆಂಕಟರಾಮರಾಜು ಅವರು ಛಾಯಾಗ್ರಾಹಕರು, ತಾಯಿ ಸೂರ್ಯನಾರಾಯಣಮ್ಮ. ಬಾಲ್ಯದಲ್ಲಿಯೇ ಪಿತೃವಿಯೋಗವಾದುದರಿಂದ ಬಂಧುಗಳ ಆಶ್ರಯದಲ್ಲಿ, ಒಂದು ಊರಿನಿಂದ ಇನ್ನೊಂದು ಊರಿಗೆ ಶಾಲೆ ಬದಲಿಸುತ್ತ ಬೆಳೆಯಬೇಕಾಯಿತು. ವಿಶಾಖಪಟ್ಟಣದಲ್ಲಿಯೂ ಕೆಲಕಾಲ ಓದಿದರು. ಆದರೆ ಪರೀಕ್ಷೆಗಳ ಮೆಟ್ಟಿಲು ಹತ್ತಿ ಸರಕಾರಿ ನೌಕರಿ ಹಿಡಿಯುವ ಮನಸ್ಸು ಅವರಿಗಿರಲಿಲ್ಲ. ಓದನ್ನು ಅರ್ಧಕ್ಕೆ ಬಿಟ್ಟು, ಉತ್ತರದ ತೀರ್ಥಕ್ಷೇತ್ರಗಳನ್ನು ಸಂಚರಿಸಿ, ಸನ್ಯಾಸಿಯ ವೇಷದಲ್ಲಿ ಮರಳಿ ಬಂದು, ಗೂಡೆಂ ಬೆಟ್ಟಗಳ ಬುಡದಲ್ಲಿರುವ ಕೃಷ್ಣದೇವಿಪೇಟೆಯ ಸುತ್ತಮುತ್ತ ನೆಲೆನಿಂತರು. ನಾಟಿ ವೈದ್ಯ, ಜ್ಯೋತಿಷ್ಯ, ಕುದುರೆ ಸವಾರಿ ಇವು ಅವರಿಗೆ ಕರಗತವಾಗಿದ್ದವು. ಬೆಟ್ಟದ ಜನರು ಔಷಧಕ್ಕೆಂದು ಬಂದು, ಕಷ್ಟಸುಖ ಹೇಳಿಕೊಂಡು, ಕ್ರಮೇಣ ಅವರನ್ನು ಗುರುವಿನಂತೆ ಕಾಣತೊಡಗಿದರು.

ಆ ಕಾಲದಲ್ಲಿ ವಿಶಾಖಪಟ್ಟಣ ಮತ್ತು ಗೋದಾವರಿ ಜಿಲ್ಲೆಗಳ ಬೆಟ್ಟಸೀಮೆಯನ್ನು ಏಜೆನ್ಸಿ ಪ್ರದೇಶವೆಂದು ಕರೆಯುತ್ತಿದ್ದರು. ತೆಲುಗರ ಬಾಯಲ್ಲಿ ಅದು ಮನ್ಯಂ. ಅಲ್ಲಿನ ಕೋಯರು, ಬಗತರು, ಕೊಂಡದೊರೆಗಳು ಮೊದಲಾದವರು ಕಾಡನ್ನು ಕಡಿದು, ಸುಟ್ಟು, ಬೂದಿಯ ಮೇಲೆ ಬಿತ್ತಿ ಬೆಳೆಯುವ ಪೋಡು ಬೇಸಾಯದಿಂದ ಜೀವಿಸುತ್ತಿದ್ದರು. ನಮ್ಮ ಘಟ್ಟದ ಕೆಳಗಿನ ಕುಮೇರಿ ಬೇಸಾಯವೂ ಇದೇ ಬಗೆಯದು. ಅಂದು ದಕ್ಷಿಣ ಕನ್ನಡವೂ ವಿಶಾಖಪಟ್ಟಣವೂ ಒಂದೇ ಮದರಾಸು ಸರಕಾರದ ಆಡಳಿತದಲ್ಲಿದ್ದವು. ಕುಮೇರಿಗೆ ಬಂದ ನಿರ್ಬಂಧವೇ ಪೋಡುವಿಗೂ ಬಂತು. 1882ರ ಮದರಾಸು ಅರಣ್ಯ ಕಾಯಿದೆಯು ಕಾಡಿನ ಬಾಗಿಲನ್ನು ಕಾಡಿನವರಿಗೇ ಮುಚ್ಚಿತು. ಇದರ ಮೇಲೆ ಗೂಡೆಂ ತಹಶೀಲಿನ ಅಧಿಕಾರಿ ಬಾಸ್ಟಿಯನ್ ಎಂಬಾತನು ನರಸೀಪಟ್ಟಣದಿಂದ ಚಿಂತಪಲ್ಲಿಯ ಕಡೆಗೆ ಬೆಟ್ಟದಲ್ಲಿ ರಸ್ತೆ ಮಾಡಿಸುವಾಗ ಜನರನ್ನು ಬಲಾತ್ಕಾರದಿಂದ ದುಡಿಸಿ, ಸಲ್ಲಬೇಕಾದ ಕೂಲಿಯನ್ನು ಸಲ್ಲಿಸದೆ ಹೋದನು. ದುಡಿದ ಕೂಲಿ ಕೈಗೆ ಬಾರದಿದ್ದರೆ ಹೊಟ್ಟೆಯಲ್ಲಿ ಏಳುವ ಬೆಂಕಿ ಎಂಥದೆಂಬುದನ್ನು ನಮ್ಮ ವಾಚಕರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ.

ರಾಜು ಅವರು ಮೊದಲಿಗೆ ಬಂದೂಕನ್ನು ಹಿಡಿದವರಲ್ಲ. ಗಾಂಧೀಜಿಯವರ ಅಸಹಕಾರ ಚಳವಳಿಯ ದಿನಗಳಲ್ಲಿ ಅವರು ಬೆಟ್ಟದ ಜನರಿಗೆ ಹೆಂಡ ಬಿಡುವಂತೆಯೂ, ಖಾದಿ ತೊಡುವಂತೆಯೂ, ವ್ಯಾಜ್ಯಗಳನ್ನು ಕೋರ್ಟಿಗೆ ಒಯ್ಯದೆ ಪಂಚಾಯತಿಯಲ್ಲಿ ತೀರಿಸಿಕೊಳ್ಳುವಂತೆಯೂ ಬೋಧಿಸಿದರು. ಸರಕಾರಕ್ಕೆ ಇದು ಸಹನೆಯಾಗಲಿಲ್ಲ. ಪೋಲೀಸರ ಕಾವಲು ಅವರ ಬೆನ್ನಿಗೆ ಬಿದ್ದಿತು. ಬೆಟ್ಟದವರ ದೂರುಗಳಿಗೆ ಪರಿಹಾರ ದೊರೆಯಲಿಲ್ಲ. ಕೊನೆಗೆ ಅವರು ಶಸ್ತ್ರದ ದಾರಿಯನ್ನು ಹಿಡಿದರು.

ಇಲ್ಲಿ ಶಸ್ತ್ರದ ಕಾನೂನಿನ ಮಾತು ಬರುತ್ತದೆ. 1857ರ ದಂಗೆಯ ಸಮಯದಲ್ಲಿ ಇಂಗ್ಲಿಷರು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾನೂನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಒಪ್ಪಲಿಲ್ಲ. ಬೇಟೆಯೇ ಕುಲವೃತ್ತಿಯಾಗಿದ್ದ ಆ ಜನರಿಗೆ ಆಯುಧವನ್ನು ಒಪ್ಪಿಸುವುದೆಂದರೆ ಮಾನವನ್ನೂ ಅನ್ನವನ್ನೂ ಒಟ್ಟಿಗೆ ಒಪ್ಪಿಸಿದಂತೆ. ಆ ವರ್ಷದ ನವೆಂಬರದಲ್ಲಿ ಸೈನ್ಯ ಬಂದು ಹಲಗಲಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕ ಮುಂದಾಳುಗಳನ್ನು ಗಲ್ಲಿಗೇರಿಸಿದರು. ನಮ್ಮ ಉತ್ತರ ಕರ್ನಾಟಕದ ಲಾವಣಿಕಾರರು ಆ ಕಥೆಯನ್ನು ಹಾಡಿ ಉಳಿಸಿದ್ದಾರೆ. ಅನಂತರ ಲಾರ್ಡ್ ಲಿಟ್ಟನ್ ವೈಸರಾಯ್ ಆಗಿದ್ದಾಗ 1878ರ ಶಸ್ತ್ರ ಕಾಯಿದೆ ಬಂತು. ಅದರಂತೆ ಭಾರತೀಯನು ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲಿ ಪಿಸ್ತೂಲನ್ನಾಗಲಿ ಧರಿಸಕೂಡದು. ಯುರೋಪಿಯನ್ನರಿಗೆ ಮಾತ್ರ ಬಹುಕಾಲ ವಿನಾಯಿತಿ ಇತ್ತು. ಒಂದೇ ಬೀದಿಯಲ್ಲಿ ಬಿಳಿಯನ ಸೊಂಟದ ಪಿಸ್ತೂಲು ಅಲಂಕಾರ, ಕರಿಯನ ಕೈಯ ತುಪಾಕಿ ಅಪರಾಧ! ಕಾಂಗ್ರೆಸ್ ಮಹಾಸಭೆಯು 1887ರ ಮದರಾಸು ಅಧಿವೇಶನದಲ್ಲಿಯೇ ಈ ಕಾಯಿದೆಯ ವಿರುದ್ಧ ದನಿಯೆತ್ತಿತು. ಆಯುಧಕ್ಕೆ ಕಟ್ಟಳೆ ಇದ್ದುದು ಅನ್ಯಾಯವಾಗಿರಲಿಲ್ಲ. ತಕ್ಕಡಿಯ ಎರಡು ತಟ್ಟೆಗೆ ಎರಡು ಬಗೆಯ ತೂಕವಿಟ್ಟುದೇ ಅನ್ಯಾಯವಾಗಿತ್ತು.

ಹೀಗೆ ಕೈ ಬರಿದಾಗಿದ್ದ ಬೆಟ್ಟದ ಜನರಿಗೆ ಬಂದೂಕು ದೊರೆಯಬಹುದಾದ ಸ್ಥಳವೆಂದರೆ ಪೋಲೀಸ್ ಠಾಣೆ ಒಂದೇ. 1922ನೆಯ ಆಗಸ್ಟ್ 22ರಂದು ರಾಜು ಅವರು ತಮ್ಮ ಅನುಯಾಯಿಗಳೊಡನೆ ಚಿಂತಪಲ್ಲಿ ಠಾಣೆಗೆ ನುಗ್ಗಿದರು. ಮರುದಿನ ಕೃಷ್ಣದೇವಿಪೇಟೆ, ಅದರ ಮರುದಿನ ರಾಜವೊಮ್ಮಂಗಿ. ಮೂರು ದಿನಗಳಲ್ಲಿ ಮೂರು ಠಾಣೆಗಳಿಂದ ಒಟ್ಟು 26 ಬಂದೂಕುಗಳೂ ಸುಮಾರು 2500 ತೋಟಾಗಳೂ ಅವರ ಕೈಸೇರಿದವು. ರಾಜವೊಮ್ಮಂಗಿಯಲ್ಲಿ ಬಂಧನದಲ್ಲಿದ್ದ ಮೊಟ್ಟಡಂ ವೀರಯ್ಯದೊರೆ ಎಂಬ ಬೆಟ್ಟದ ಮುಖಂಡನನ್ನೂ ಬಿಡಿಸಿದರು.

ನಾವು ಪ್ರಾರಂಭದಲ್ಲಿ ಸೂಚಿಸಿದ ಸಂಗತಿ ಇದೇ ಸಂದರ್ಭದ್ದು. ಠಾಣೆಯಿಂದ ತಾವು ಕೊಂಡೊಯ್ದ ಆಯುಧಗಳೆಷ್ಟು, ತೋಟಾಗಳೆಷ್ಟು ಎಂಬುದನ್ನು ರಾಜು ಅವರು ಠಾಣೆಯ ದಿನಚರಿ ಪುಸ್ತಕದಲ್ಲಿಯೇ ಬರೆದು, ಕೆಳಗೆ ತಮ್ಮ ರುಜು ಹಾಕಿ ಹೋದರು. ಉಗ್ರಾಣದಿಂದ ಒಂದು ಮೂಟೆ ಸಕ್ಕರೆ ತೆಗೆದರೆ ಸ್ಟಾಕ್ ಪುಸ್ತಕದಲ್ಲಿ ಬರೆದು ಸಹಿ ಮಾಡುವುದು ನಮ್ಮ ಹೋಟೆಲಿನ ಪದ್ಧತಿ. ಆದರೆ ಚಕ್ರಾಧಿಪತ್ಯದ ಮೇಲೆ ಯುದ್ಧ ಹೂಡಿದವನು ಕಿತ್ತುಕೊಂಡ ಬಂದೂಕಿಗೆ ರಸೀದಿ ಬರೆದಿಟ್ಟುದನ್ನು ಲೋಕದಲ್ಲಿ ಬೇರೆಲ್ಲಿ ಕೇಳಿದ್ದೇವೆ? ಇದನ್ನು ಕೆಲವರು ಸರಕಾರಕ್ಕೆ ಹಾಕಿದ ಸವಾಲೆಂದು ವರ್ಣಿಸುತ್ತಾರೆ. ಸವಾಲು ಹೌದು; ಆದರೆ ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚಿನದು. ತಾನು ಕಳ್ಳನಲ್ಲ, ಈ ಆಯುಧಗಳಿಗೆ ಉತ್ತರವಾದಿ ತಾನೇ ಎಂದು ಆತನು ಹೆಸರು ಬರೆದು ಹೇಳಿದಂತಾಯಿತು. ಕಾನೂನಿನ ಕಣ್ಣಿಗೆ ಅವರು ಲೈಸೆನ್ಸಿಲ್ಲದ ಅಪರಾಧಿ. ಆದರೆ ಲೈಸೆನ್ಸ್ ಎಂಬ ಪದ್ಧತಿಯ ಜೀವಾಳವಾದ ಜವಾಬ್ದಾರಿಯನ್ನು ಅವರು ತಾವಾಗಿಯೇ ಹೊತ್ತಿದ್ದರು.

ಆಯುಧ ಕೈಗೆ ಬಂದ ಮೇಲೂ ಅವರು ಸಂಯಮವನ್ನು ಬಿಡಲಿಲ್ಲ. 1922ರ ಸಪ್ಟಂಬರ್ 24ರಂದು ದಾಮನಪಲ್ಲಿಯ ಕಣಿವೆಯಲ್ಲಿ ಅವರನ್ನು ಹುಡುಕಿಕೊಂಡು ಬಂದ ದಂಡಿನ ಮೇಲೆ ಬೆಟ್ಟದವರು ಎರಗಿದಾಗ ಸ್ಕಾಟ್ ಕವರ್ಡ್ ಮತ್ತು ಹೇಟರ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಹತರಾದರು. ಭಾರತೀಯ ಸಿಪಾಯಿಗಳನ್ನು ಕೊಲ್ಲಕೂಡದೆಂಬುದು ರಾಜು ಅವರ ಕಟ್ಟಪ್ಪಣೆಯಾಗಿತ್ತು. ಹೊಟ್ಟೆಪಾಡಿಗಾಗಿ ಸಮವಸ್ತ್ರ ತೊಟ್ಟ ಬಡವನನ್ನು ಅವರು ಶತ್ರುವೆಂದು ಎಣಿಸಲಿಲ್ಲ. ಎರಡು ಪ್ರಾಣಗಳು ಹೋದುದನ್ನು ನಾವು ಸಂಭ್ರಮದಿಂದ ಬರೆಯುತ್ತಿಲ್ಲ. ಅವರಿಗೂ ಮನೆಮಠ ಇದ್ದೇ ಇತ್ತು. ಬಂದೂಕು ಬಾಯಿ ತೆರೆದರೆ ಯಾವ ಕಡೆಯಲ್ಲಾದರೂ ಒಂದು ಮನೆ ಬರಿದಾಗುತ್ತದೆ. ರಾಜು ಅವರ ಕಟ್ಟಪ್ಪಣೆಯ ಬೆಲೆ ತಿಳಿಯುವುದೂ ಇದರಿಂದಲೇ.

ಬಳಿಕ ಅಕ್ಟೋಬರದಲ್ಲಿ ಅಡ್ಡತೀಗಲ, ರಂಪಚೋಡವರಂ ಠಾಣೆಗಳ ಮೇಲೆ ದಾಳಿ ನಡೆಯಿತು. ಆದರೆ ಸರಕಾರ ಎಚ್ಚತ್ತು ಠಾಣೆಗಳ ಆಯುಧಗಳನ್ನು ಆಗಲೇ ಸಾಗಿಸಿತ್ತು. ಮಲಬಾರಿನ ವಿಶೇಷ ಪೋಲೀಸ್ ದಳವನ್ನು ಕರೆಸಿದರು. ಡಿಸೆಂಬರ್ 6ರಂದು ಪೆದ್ದಗಡ್ಡಪಾಲೆಂ ಬಳಿಯ ಕಾಳಗದಲ್ಲಿ ಯಂತ್ರದ ಬಂದೂಕಿನ ಮುಂದೆ ರಾಜು ಅವರ ಪಡೆಗೆ ಬಲವಾದ ಪೆಟ್ಟು ಬಿತ್ತು. ಆದರೂ ಜನರು ಅವರನ್ನು ಹಿಡಿದುಕೊಡಲಿಲ್ಲ. 1923ರ ಏಪ್ರಿಲಿನಲ್ಲಿ ಅವರು ಅನ್ನವರಂ ಕ್ಷೇತ್ರಕ್ಕೆ ಬಹಿರಂಗವಾಗಿ ಬಂದು ಸತ್ಯನಾರಾಯಣ ಸ್ವಾಮಿಯ ದರ್ಶನ ಮಾಡಿಹೋದರು. ಊರಿನ ಜನ ಭಕ್ತಿಯಿಂದ ಎದುರುಗೊಂಡರೇ ಹೊರತು ಹೆದರಿ ಬಾಗಿಲು ಹಾಕಲಿಲ್ಲ. ಅದೇ ವರ್ಷದ ಸಪ್ಟಂಬರಿನಲ್ಲಿ ಅವರ ಬಲಗೈಯಂತಿದ್ದ ಗಾಂ ಮಲ್ಲುದೊರೆ ಸೆರೆಸಿಕ್ಕನು.

1924ರ ಆರಂಭದಲ್ಲಿ ಅಸ್ಸಾಂ ರೈಫಲ್ಸ್ ಪಡೆಗಳು ಬಂದವು. ಬೆಟ್ಟದ ಹಳ್ಳಿಗಳ ಮೇಲೆ ಕಷ್ಟದ ಮಳೆ ಸುರಿಯಿತು. ಮೇ ತಿಂಗಳಿನಲ್ಲಿ ಮಂಪ ಎಂಬಲ್ಲಿ ರಾಜು ಅವರು ಸೆರೆಯಾದರು. ಮೇ 7ರಂದು ಕೊಯ್ಯೂರಿನಲ್ಲಿ ಮೇಜರ್ ಗುಡಾಲ್ ಎಂಬ ಅಧಿಕಾರಿಯ ವಶದಲ್ಲಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು. ಮರಕ್ಕೆ ಕಟ್ಟಿ ಕೊಂದರೆಂದು ಜನ ಇಂದಿಗೂ ಹೇಳುತ್ತಾರೆ. ಓಡಿಹೋಗಲು ಯತ್ನಿಸಿದಾಗ ಕೊಂದೆವೆಂದು ಸರಕಾರದವರು ಹೇಳಿಕೊಂಡರು. ಕೋರ್ಟಿಲ್ಲ, ಸಾಕ್ಷಿಯಿಲ್ಲ, ತೀರ್ಪಿಲ್ಲ. ಆಗ ಅವರಿಗೆ ಇಪ್ಪತ್ತೇಳು ವರ್ಷವೂ ತುಂಬಿರಲಿಲ್ಲ. ಕೃಷ್ಣದೇವಿಪೇಟೆಯಲ್ಲಿ ಅವರ ಸಮಾಧಿ ಇದೆ.

ಮಹಾಜನರು ಇದನ್ನು ಕೊಂಚ ಯೋಚಿಸಬೇಕು. ಲೈಸೆನ್ಸಿಲ್ಲದ ಸನ್ಯಾಸಿ ಒಂದೊಂದು ಬಂದೂಕಿಗೂ ಲೆಕ್ಕ ಬರೆದಿಟ್ಟನು. ದೇಶದ ಸಮಸ್ತ ಲೈಸೆನ್ಸುಗಳಿಗೂ ಒಡೆಯನಾದ ಸರಕಾರ ಒಬ್ಬ ಬಂದಿಯ ಮೇಲೆ ಹಾರಿಸಿದ ಗುಂಡಿಗೆ ನ್ಯಾಯಸ್ಥಾನದಲ್ಲಿ ಲೆಕ್ಕ ಕೊಡಲಿಲ್ಲ. ಶಸ್ತ್ರದ ವಿಷಯದಲ್ಲಿ ಧರ್ಮಾಧರ್ಮಗಳ ಗೆರೆ ಹಾದುಹೋಗುವುದು ಇಲ್ಲಿಯೇ. ಆಯುಧ ಯಾರ ಕೈಯಲ್ಲಿದ್ದರೂ ಸರಿ, ಅದಕ್ಕೆ ನಾಲ್ಕು ಜನರ ಮುಂದೆ ಉತ್ತರ ಹೇಳಬೇಕು. ಕೋವಿ ಹಿಡಿದ ಪ್ರಜೆಗೆ ಈ ನಿಯಮ ಎಷ್ಟು ಅನ್ವಯಿಸುತ್ತದೆಯೋ ಕೋವಿ ಹಿಡಿದ ಸರಕಾರಕ್ಕೂ ಅಷ್ಟೇ.

ಸ್ವಾತಂತ್ರ್ಯ ಬಂದ ಮೇಲೆ ಪರಕೀಯರ ಕಾಯಿದೆಯನ್ನು ತೆಗೆದುಹಾಕಿ 1959ರಲ್ಲಿ ನಮ್ಮ ಪಾರ್ಲಿಮೆಂಟು ಹೊಸ ಶಸ್ತ್ರ ಕಾಯಿದೆಯನ್ನು ಮಾಡಿತು. ಅದು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಇದರಲ್ಲಿಯೂ ಲೈಸೆನ್ಸ್ ಬೇಕೇ ಬೇಕು, ಆದರೆ ಚರ್ಮದ ಬಣ್ಣ ನೋಡಿ ಕೊಡುವ ವಿನಾಯಿತಿ ಇಲ್ಲ. ಪರಂಪರೆಯನ್ನು ಗಮನಿಸಿ ಕೊಟ್ಟ ವಿನಾಯಿತಿಗಳು ಕೆಲವುಂಟು. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ನಡೆದುಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಆ ಜನ ಅದನ್ನು ಹಿರಿಯರ ಆಸ್ತಿಯೆಂದು ಕಾಪಾಡುತ್ತಾರೆ.

ಸಾರ್ವಜನಿಕ ಸ್ಥಳದ ಮಾತಿಗೆ 2016ರ ಶಸ್ತ್ರ ನಿಯಮಗಳು ಸ್ಪಷ್ಟವಾದ ಉತ್ತರ ಕೊಟ್ಟಿವೆ. ಲೈಸೆನ್ಸ್ ಇದ್ದವನೂ ಪಿಸ್ತೂಲನ್ನು ಬೀದಿಯಲ್ಲಿ ಪ್ರದರ್ಶಿಸುತ್ತ ನಡೆಯುವಂತಿಲ್ಲ. ಅದಕ್ಕೆಂದೇ ಮಾಡಿದ ಒರೆಯಲ್ಲಿಟ್ಟು ಮೈಗೆ ಬಿಗಿದುಕೊಂಡಿರಬೇಕು; ಆಯುಧ ಪೂರ್ತಿಯಾಗಿ ಮುಚ್ಚಿರಬೇಕು; ಸದಾ ಅವನ ಹತೋಟಿಯಲ್ಲಿರಬೇಕು. ಝಳಪಿಸುವುದಾಗಲಿ ಮದುವೆ ಮೆರವಣಿಗೆಗಳಲ್ಲಿ ಸಂತೋಷಕ್ಕೆಂದು ಗುಂಡು ಹಾರಿಸುವುದಾಗಲಿ ಕೂಡದು. 2019ರ ತಿದ್ದುಪಡಿಯಲ್ಲಿ, ಜನರ ಪ್ರಾಣಕ್ಕೆ ಅಪಾಯವಾಗುವಂತೆ ಹೀಗೆ ಗುಂಡು ಹಾರಿಸುವವರಿಗೆ ಎರಡು ವರ್ಷಗಳವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಿದ್ದಾರೆ. ಸಾಮಾನ್ಯನೊಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದ್ದಾರೆ.

ಈ ಕಟ್ಟಳೆಯ ಅಗತ್ಯವೇನೆಂದು ಕೇಳುವವರು ಒಮ್ಮೆ ಹೋಟೆಲಿನ ಗಲ್ಲಾದ ಹಿಂದೆ ಕುಳಿತು ನೋಡಬೇಕು. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾವು ಆ ಸ್ಥಳದಲ್ಲಿ ಬಹಳ ವರ್ಷ ಕುಳಿತವರು. ಒಂದು ಸಂಜೆ ಗಿರಾಕಿಯೊಬ್ಬರು ಬಂದು, ಸೊಂಟದ ಪಿಸ್ತೂಲನ್ನು ತೆಗೆದು ಕಾಫಿ ಲೋಟದ ಪಕ್ಕದಲ್ಲಿ ಮೇಜಿನ ಮೇಲಿಟ್ಟರು. ಯಾರನ್ನೂ ಬೈಯಲಿಲ್ಲ, ಬೆದರಿಸಲಿಲ್ಲ. ಆದರೆ ಪಕ್ಕದ ಮೇಜಿನ ಸಂಸಾರಸ್ಥರು ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಬಿಲ್ಲು ಕೊಡಬೇಕಾದ ಹುಡುಗ ಅಡಿಗೆಮನೆಯ ಬಾಗಿಲಲ್ಲಿಯೇ ನಿಂತನು. ಅಂಥ ಕಡೆ ಮಾತಿಗೆ ಬೆಲೆಯಿಲ್ಲ, ಬಿಲ್ಲಿಗೂ ಬೆಲೆಯಿಲ್ಲ. ಆಯುಧ ಒರೆಯೊಳಗಿದ್ದರೆ ಅದು ಒಬ್ಬನ ರಕ್ಷಣೆ. ಮೇಜಿನ ಮೇಲೆ ಬಂದರೆ ಉಳಿದ ನಲವತ್ತು ಜನರಿಗೆ ಅಪ್ಪಣೆ.

ಹೊರದೇಶಗಳ ಅನುಭವವೂ ಇದನ್ನೇ ಕಲಿಸುತ್ತದೆ. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಧರಿಸಿ ತಿರುಗಾಡಲು ಅನುಮತಿ ಇದೆ. ಆದರೆ 1967ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕರಿಯರ ಸಂಘಟನೆಯೊಂದರ ತರುಣರು ಹಾಗೆಯೇ ಬಂದೂಕು ಹಿಡಿದು ಶಾಸನಸಭೆಯ ಭವನಕ್ಕೆ ಬಂದಾಗ, ಗುಂಡು ತುಂಬಿದ ಬಂದೂಕನ್ನು ಸಾರ್ವಜನಿಕವಾಗಿ ಒಯ್ಯುವುದನ್ನು ಅದೇ ವರ್ಷ ಕಾನೂನಿನಿಂದ ನಿಷೇಧಿಸಿದರು. ಕಟ್ಟಳೆ ಒಳ್ಳೆಯದೇ ಇರಬಹುದು. ಆದರೆ ಒಂದು ಜನಾಂಗದ ಕೈಯಲ್ಲಿ ಬಂದೂಕು ಕಂಡ ಮೇಲೆ ಮಾತ್ರ ಅದರ ನೆನಪು ಬಂದರೆ, 1878ರ ತಕ್ಕಡಿಯೇ ಅಲ್ಲಿಯೂ ತೂಗಿತೆಂದು ಯಾರಾದರೂ ಹೇಳಿಯಾರು. ಆದುದರಿಂದ ಕಟ್ಟಳೆ ಇರಬೇಕು, ಅದು ಬಡವ ಬಲ್ಲಿದನೆನ್ನದೆ ಸಮನಾಗಿ ನಡೆಯಬೇಕು. ಮಂತ್ರಿಯ ನೆಂಟನ ಸೊಂಟದ ಪಿಸ್ತೂಲನ್ನೂ ಮಾಣಿಯ ಕೈಯ ಚೂರಿಯನ್ನೂ ಒಂದೇ ಕಣ್ಣಿನಿಂದ ನೋಡುವ ಪೋಲೀಸರಿದ್ದರೆ ಮಾತ್ರ ಕಾಯಿದೆಗೆ ಗೌರವ.

ರಾಜು ಅವರ ಕಥೆಯಲ್ಲಿ ಇನ್ನೊಂದು ಸಂಗತಿ ಉಳಿದಿದೆ. ಸೆರೆಸಿಕ್ಕ ಗಾಂ ಮಲ್ಲುದೊರೆ ದೀರ್ಘಕಾಲ ಶಿಕ್ಷೆಯನ್ನು ಅನುಭವಿಸಿ ಹೊರಬಂದರು. 1952ರಲ್ಲಿ ದೇಶದ ಪ್ರಥಮ ಮಹಾಚುನಾವಣೆಯಲ್ಲಿ ವಿಶಾಖಪಟ್ಟಣದ ಮತದಾರರು ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು. ಠಾಣೆಗೆ ನುಗ್ಗಿ ಬಂದೂಕು ತಂದವರ ಪಡೆಯಲ್ಲಿದ್ದ ಬೆಟ್ಟದ ಮನುಷ್ಯ, ಕಾಯಿದೆಗಳನ್ನು ಮಾಡುವ ಸಭೆಯಲ್ಲಿಯೇ ಕುಳಿತನು! 1922ರಲ್ಲಿ ಬೆಟ್ಟದವನಿಗೆ ಓಟಿರಲಿಲ್ಲ, ಅವನ ದೂರನ್ನು ಕೇಳುವ ಸಭೆಯಿರಲಿಲ್ಲ. ಇಂದು ಅವೆರಡೂ ಇವೆ. ಅಂದು ರಾಜು ಅವರಿಗೆ ಬಂದೂಕು ಹಿಡಿಯಲು ಇದ್ದ ಕಾರಣವನ್ನು, ಇಂದು ಮೀಸೆ ತಿರುವಿ ಪಿಸ್ತೂಲು ತೋರಿಸುವವನು ತನ್ನದೆಂದು ಹೇಳಿಕೊಳ್ಳಲಾರ.

ನಮ್ಮ ತರುಣರಲ್ಲಿ ಕೆಲವರು ಮೊಬೈಲ್ ಫೋನಿನಲ್ಲಿ ಬಂದೂಕು ಹಿಡಿದ ಪಟ ತೆಗೆಸಿಕೊಳ್ಳುವುದೇ ಶೌರ್ಯವೆಂದು ತಿಳಿದಿದ್ದಾರೆ. ಅವರು ಪಟದ ಪಕ್ಕದಲ್ಲಿ ರಾಜು ಅವರ ಚಿತ್ರವನ್ನೂ ಅಂಟಿಸುವುದುಂಟು. ಅಂಥವರು ಆ ಮಹನೀಯನ ಬಿಲ್ಲನ್ನು ಮಾತ್ರ ಕಂಡಿದ್ದಾರೆ, ಠಾಣೆಯ ಪುಸ್ತಕದಲ್ಲಿನ ರುಜುವನ್ನು ಕಂಡಿಲ್ಲ. 2022ರ ಏಪ್ರಿಲಿನಲ್ಲಿ ಆಂಧ್ರ ಸರಕಾರ ಪಾಡೇರನ್ನು ಕೇಂದ್ರವಾಗಿಸಿ ಹೊಸ ಜಿಲ್ಲೆಯೊಂದನ್ನು ರಚಿಸಿ ಅದಕ್ಕೆ ಅವರ ಹೆಸರನ್ನೇ ಇಟ್ಟಿತು. ರಜೆ ದೊರೆತಾಗ ಆ ಕಡೆಗೆ ಹೋಗುವ ನಮ್ಮ ಹುಡುಗರು ಲಂಬಸಿಂಗಿಯ ಮಂಜನ್ನು ನೋಡಿ ಹಿಂತಿರುಗದೆ, ಕೃಷ್ಣದೇವಿಪೇಟೆಯ ಸಮಾಧಿಯ ಮುಂದೆಯೂ ಒಂದು ಗಳಿಗೆ ನಿಂತು ಬರಲಿ.

ನವರಾತ್ರಿಯಲ್ಲಿ ಇಂದ್ರಕೀಲಾದ್ರಿಯ ಕನಕದುರ್ಗೆ ಸಕಲಾಯುಧಗಳನ್ನು ಧರಿಸಿ ದರ್ಶನ ಕೊಡುತ್ತಾಳೆ. ಅದೇ ದಿನಗಳಲ್ಲಿ ನಮ್ಮ ಹೋಟೆಲುಗಳಲ್ಲಿ ರುಬ್ಬುವ ಯಂತ್ರಕ್ಕೂ ದೋಸೆಯ ಕಾವಲಿಗೂ ತರಕಾರಿಯ ಕತ್ತಿಗೂ ಕುಂಕುಮವಿಟ್ಟು ಆಯುಧಪೂಜೆ ಮಾಡುತ್ತೇವೆ. ಗುಮಾಸ್ತ ಬಂಧುಗಳು ಲೇಖನಿಗೂ ಲೆಕ್ಕದ ಪುಸ್ತಕಕ್ಕೂ ಹೂವೇರಿಸುತ್ತಾರೆ. ಆಯುಧವನ್ನೂ ಲೆಕ್ಕದ ಪುಸ್ತಕವನ್ನೂ ಒಂದೇ ಪೀಠದಲ್ಲಿಟ್ಟು ಪೂಜಿಸುವ ಹಿರಿಯರ ಪದ್ಧತಿಗೆ ಅರ್ಥವಿದೆ. ಮನ್ಯದ ಆ ಸನ್ಯಾಸಿ ಅದನ್ನು ಬಾಳಿನಲ್ಲಿ ನಡೆಸಿ ತೋರಿಸಿದನು. ಬರುವ ದಸರೆಯಲ್ಲಿ ನಮ್ಮ ಮಿತ್ರರು ಆತನನ್ನೂ ನೆನೆದು ಒಂದು ಹೂವನ್ನು ಹೆಚ್ಚಿಗೆ ಇಡಬೇಕೆಂದು ಕೋರುತ್ತೇವೆ.